ಅಂಬಾಸಡರ್ ಟ್ಯಾಪೆಟ್: ಮನೆಯಂಗಳದಲ್ಲೇ ಸೆಟ್ ಮಾಡುವುದು ಹೇಗೆ?

ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ ಒಳಗಿನಿಂದ ಹೊಲಿಗೆ ಮೆಷಿನ್ ತುಳಿದಂತೆ ಟಿಕ್ ಟಿಕ್ ಟಿಕ್ ಸದ್ದು. ಆಕ್ಸಿಲರೇಟರ್ ಒತ್ತಿದರೆ ಸದ್ದೂ ಜೋರಾಗುತ್ತದೆ. ಪಕ್ಕದ ಮನೆಯವರು ಇಣುಕಿ, "ಟ್ಯಾಪೆಟ್ ಹೊಡೀತಿದೆ, ಟೈಟ್ ಮಾಡಿಸ್ಬಿಡಿ" ಎನ್ನುತ್ತಾರೆ. ಹಳೆಯ ಅಂಬಾಸಡರ್ ಇಟ್ಟುಕೊಂಡಿರುವ ಯಾರೂ ಈ ಮಾತು ಕೇಳದೆ ಉಳಿದಿಲ್ಲ. ಈ ಗಾಡಿಯ ಕೆಲಸ ಬಲ್ಲ ಹಿರಿಯ ಮೆಕ್ಯಾನಿಕ್‌ಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹಾಗಾಗಿ ಇದನ್ನು ನೀವೇ ಕಲಿತುಕೊಳ್ಳುವುದು ಒಳ್ಳೆಯದು. ಕಷ್ಟದ ಕೆಲಸವೇನಲ್ಲ. ಮೊದಲ ಸಲ ಒಂದು ಬೆಳಗು ಹಿಡಿಯಬಹುದು, ಅಭ್ಯಾಸವಾದ ಮೇಲೆ ಒಂದು ಗಂಟೆ ಸಾಕು.

ಆದರೆ ಪಾನಾ ಕೈಗೆತ್ತಿಕೊಳ್ಳುವ ಮುಂಚೆ ಒಂದು ವಿಷಯ ತಲೆಯಲ್ಲಿ ಗಟ್ಟಿಯಾಗಿ ಕೂರಬೇಕು. ಟ್ಯಾಪೆಟ್ ಸೆಟ್ ಮಾಡುವುದು ಸದ್ದು ನಿಲ್ಲಿಸುವುದಕ್ಕಲ್ಲ, ಅಲ್ಲಿ ಇರಬೇಕಾದ ಸಂದು ಇರುವಂತೆ ನೋಡಿಕೊಳ್ಳುವುದಕ್ಕೆ. ಇದನ್ನು ನಾನು ಖರ್ಚು ಮಾಡಿ ಕಲಿತೆ. ನಮ್ಮ ಮನೆಯ 1984ರ ಗಾಡಿಯ ಟ್ಯಾಪೆಟ್ ಸದ್ದನ್ನು ಒಬ್ಬ ಮೆಕ್ಯಾನಿಕ್ ಒಂದೇ ಮಧ್ಯಾಹ್ನದಲ್ಲಿ ಪೂರ್ತಿ ಅಡಗಿಸಿಕೊಟ್ಟಿದ್ದರು. ಎಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಬೇಕು, ಅಷ್ಟು ಶಾಂತ. ನಾನು ಸಂತೋಷಪಟ್ಟು ಹೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು ಬಂದೆ. ಎರಡು ತಿಂಗಳ ನಂತರ ಐದು ಜನರನ್ನು ಕೂರಿಸಿಕೊಂಡು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಗಾಡಿ ಮಿಸ್ ಹೊಡೆಯತೊಡಗಿತು. ಪಿಕಪ್ ಇಲ್ಲ, ಐಡ್ಲಿಂಗ್‌ನಲ್ಲಿ ನಿಲ್ಲುವುದಿಲ್ಲ. ಊರಿಗೆ ಬಂದು ಕಂಪ್ರೆಷನ್ ನೋಡಿಸಿದರೆ ಮೂರನೇ ಸಿಲಿಂಡರ್ ಸತ್ತಿತ್ತು. ಹೆಡ್ ಇಳಿಸಿದಾಗ ಆ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಕೈಗೆ ಬಂತು. ಅದರ ಅಂಚು ಒಂದು ಕಡೆ ಇಲಿ ಕಡಿದ ಕೊಬ್ಬರಿಯಂತೆ ತಿಂದುಹೋಗಿತ್ತು. ಸಂದು ಇಲ್ಲದಂತೆ ಬಿಗಿ ಮಾಡಿದ್ದರಿಂದ ಅದು ಸುಟ್ಟಿತ್ತು.

ಸಂದು ಯಾಕೆ ಬೇಕು?

ಪೆಟ್ರೋಲ್ ಅಂಬಾಸಡರ್ ಎಂದಾಗ ಬಹುಪಾಲು ಗಾಡಿಗಳಲ್ಲಿರುವುದು ಬಿಎಂಸಿ ವಿನ್ಯಾಸದ 1489 ಸಿಸಿ ಎಂಜಿನ್. ಮಾರಿಸ್ ಆಕ್ಸ್‌ಫರ್ಡ್ ಕಾರಿನ ರೂಪದಲ್ಲೇ ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಗಾಡಿ ಇದು. 1990ರ ದಶಕದಲ್ಲಿ ಬಂದ 1.8 ಲೀಟರಿನ ಇಸುಜು ಎಂಜಿನ್‌ನ ರಚನೆಯೇ ಬೇರೆ. ಇಲ್ಲಿ ಹೇಳುತ್ತಿರುವುದು 1489 ಸಿಸಿ ಪೆಟ್ರೋಲ್ ಎಂಜಿನ್‌ಗೆ ಮಾತ್ರ.

ಈ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಕೆಳಗೆ, ಬ್ಲಾಕಿನೊಳಗೆ ತಿರುಗುತ್ತದೆ. ಅದರ ಉಬ್ಬು ಟ್ಯಾಪೆಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್‌ರಾಡನ್ನು ದೂಡುತ್ತದೆ, ಪುಶ್‌ರಾಡ್ ಮೇಲಿನ ರಾಕರಿನ ಒಂದು ತುದಿಯನ್ನು ಎತ್ತುತ್ತದೆ. ಏತದ ಹಾಗೆ ರಾಕರಿನ ಇನ್ನೊಂದು ತುದಿ ಕೆಳಗಿಳಿದು ವಾಲ್ವನ್ನು ಒತ್ತಿ ತೆರೆಯುತ್ತದೆ. ಉಬ್ಬು ದಾಟಿದ ಮೇಲೆ ಸ್ಪ್ರಿಂಗ್ ವಾಲ್ವನ್ನು ಮೇಲಕ್ಕೆಳೆದು ಸೀಟಿನ ಮೇಲೆ ಕೂರಿಸುತ್ತದೆ. ಎಂಜಿನ್ ಕಾದಾಗ ಈ ಕಬ್ಬಿಣವೆಲ್ಲ ಹಿಗ್ಗುತ್ತದೆ, ಎಲ್ಲಕ್ಕಿಂತ ಹೆಚ್ಚು ಹಿಗ್ಗುವುದು ಬೆಂಕಿಯ ನಡುವೆಯೇ ಇರುವ ಎಕ್ಸಾಸ್ಟ್ ವಾಲ್ವ್. ಹಿಗ್ಗಲು ಜಾಗವಿಲ್ಲದಿದ್ದರೆ ವಾಲ್ವಿನ ಬಾಲ ರಾಕರಿಗೆ ತಾಗಿಕೊಂಡೇ ಇರುತ್ತದೆ, ತಲೆ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ.

ಪೂರ್ತಿ ಕೂರದಿದ್ದರೆ ಕಂಪ್ರೆಷನ್ ಸೋರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ನಿಮಿಷಕ್ಕೆ 1500 ಸಲ ತೆರೆದು ಮುಚ್ಚುತ್ತದೆ. ಪ್ರತಿ ಸಲ ಸೀಟಿನ ಮೇಲೆ ಕೂತ ಆ ಚೂರು ಹೊತ್ತಿನಲ್ಲೇ ವಾಲ್ವ್ ತನ್ನ ಕಾವಿನ ಹೆಚ್ಚಿನ ಪಾಲನ್ನು ಹೆಡ್ಡಿಗೆ, ಅಲ್ಲಿಂದ ರೇಡಿಯೇಟರ್ ನೀರಿಗೆ ದಾಟಿಸಬೇಕು. ಸೀಟಿಗೆ ಸರಿಯಾಗಿ ತಾಗದಿದ್ದರೆ ಕಾವು ಇಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಮೇಲಿಂದ ಬೆಂಕಿಯ ಎಳೆ ಸಂದಿಯಲ್ಲಿ ನುಗ್ಗಿ ಅಂಚನ್ನು ಕೊರೆಯುತ್ತದೆ. ಇದಕ್ಕೆ ಸದ್ದಿಲ್ಲ, ಗಾಡಿ ಮಿಸ್ ಹೊಡೆದಾಗಲೇ ಗೊತ್ತಾಗುವುದು.

ಸಂದು ಹೆಚ್ಚಾದರೂ ತೊಂದರೆಯೇ. ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಎಂಜಿನ್ನಿಗೆ ಉಸಿರು ಸಾಲದು. ರಾಕರ್ ಪ್ರತಿ ಸಲ ಸುತ್ತಿಗೆಯಂತೆ ಬಡಿದು ಸವೆಯುತ್ತದೆ. ಆದರೆ ಅದು ಸದ್ದು ಮಾಡಿ ನಿಮ್ಮನ್ನು ಎಚ್ಚರಿಸುತ್ತದೆ, ರಿಪೇರಿ ಖರ್ಚೂ ಕಡಿಮೆ.

ಹಳೆಯ ಗಾಡಿಗಳಿಗೆ ಈ ವಿಷಯದಲ್ಲಿ ಇನ್ನೊಂದು ಹೊರೆ ಬಿದ್ದಿದೆ. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸ ಬೆರೆತ ಪೆಟ್ರೋಲ್ ಮಾರಾಟ ನಿಂತಿತು. ಜನರ ಆರೋಗ್ಯಕ್ಕೆ ಅದು ಒಳ್ಳೆಯದೇ ಆಯಿತು. ಆದರೆ ಅದಕ್ಕೆ ಮುಂಚಿನ ಹೆಡ್‌ಗಳಲ್ಲಿ ವಾಲ್ವ್ ಸೀಟನ್ನು ಹೆಡ್ಡಿನ ಬೀಡುಕಬ್ಬಿಣದಲ್ಲೇ ಕಡೆದಿರುತ್ತಿದ್ದರು, ಸೀಸದ ತೆಳು ಲೇಪವೇ ಅದಕ್ಕೆ ರಕ್ಷಣೆ. ಆ ಲೇಪ ಹೋದ ಮೇಲೆ ಎಕ್ಸಾಸ್ಟ್ ವಾಲ್ವ್ ಸ್ವಲ್ಪ ಸ್ವಲ್ಪವೇ ಸೀಟನ್ನು ತಿಂದು ಹೆಡ್ಡಿನೊಳಕ್ಕೆ ಇಳಿಯುತ್ತದೆ. ತಲೆ ಒಳಗಿಳಿದಷ್ಟೂ ಅದರ ಬಾಲ ಮೇಲಕ್ಕೆ, ರಾಕರಿನತ್ತ ಬರುತ್ತದೆ. ಹೀಗಾಗಿ ಇಂಥ ಹೆಡ್ ಇರುವ ಗಾಡಿಯಲ್ಲಿ ಎಕ್ಸಾಸ್ಟ್ ಸಂದು ತನ್ನಷ್ಟಕ್ಕೆ ತಾನೇ ಕಡಿಮೆಯಾಗುತ್ತಾ ಹೋಗುತ್ತದೆ. ಗಾಡಿ ಸದ್ದು ಮಾಡುತ್ತಿಲ್ಲ ಎಂದು ವರ್ಷಗಟ್ಟಲೆ ಟ್ಯಾಪೆಟ್ ಕವರ್ ಬಿಚ್ಚದೆ ಇರುವವರು ದಯವಿಟ್ಟು ಇದನ್ನು ಇನ್ನೊಮ್ಮೆ ಓದಿ.

ಏನೇನು ಬೇಕು?

ಮುಖ್ಯವಾದದ್ದು ಫೀಲರ್ ಗೇಜ್, ಅಂದರೆ ಬೇರೆ ಬೇರೆ ದಪ್ಪದ ಉಕ್ಕಿನ ಪಟ್ಟಿಗಳ ಕಟ್ಟು. ನನ್ನ ಗಾಡಿಯ ಪುಸ್ತಕದಲ್ಲಿರುವ ಅಂಕಿ ಇನ್‌ಲೆಟ್, ಎಕ್ಸಾಸ್ಟ್ ಎರಡಕ್ಕೂ 0.015 ಇಂಚು, ಅಂದರೆ 0.38 ಮಿ.ಮೀ. ನಿಮ್ಮ ಗಾಡಿಯ ಪುಸ್ತಕದಲ್ಲಿ ಎಷ್ಟಿದೆ, ಅದು ಎಂಜಿನ್ ಬಿಸಿ ಇದ್ದಾಗಿನ ಅಂಕಿಯೋ ತಣ್ಣಗಿದ್ದಾಗಿನದೋ ಎರಡನ್ನೂ ನೋಡಿ ಬರೆದಿಟ್ಟುಕೊಳ್ಳಿ. ತಣ್ಣಗಿನ ಅಂಕಿಯಾದರೆ ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕೆಲಸ ಶುರು ಮಾಡಿ. ಬಿಸಿಯದಾದರೆ ಏಳೆಂಟು ಕಿಲೋಮೀಟರ್ ಓಡಿಸಿ ಬಂದು ತಡಮಾಡದೆ ಮುಗಿಸಿ.

ಮಿಲಿಮೀಟರ್ ಗೇಜ್‌ನಲ್ಲಿ 0.38ರ ಪಟ್ಟಿ ಇಲ್ಲದಿದ್ದರೆ 0.35ರದು ಸಲೀಸಾಗಿ ಹೋಗಬೇಕು, 0.40ರದು ಹೋಗಬಾರದು, ಹಾಗೆ ಸೆಟ್ ಮಾಡಿ. ಇಂಚಿನ ಗೇಜ್ ಸಿಕ್ಕರೆ ಇನ್ನೂ ಅನುಕೂಲ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿವೆ. ಉಳಿದ ಊರಿನವರು ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ. ಕಾರ್ಕಿನ ಹೊಸ ಟ್ಯಾಪೆಟ್ ಕವರ್ ಪ್ಯಾಕಿಂಗ್ ಒಂದನ್ನು ಮೊದಲೇ ತಂದಿಟ್ಟುಕೊಳ್ಳಿ. ಹಳೆಯದು ಮುರಿದಾಗ ಅಂಗಡಿಗೆ ಓಡುವಂತಾಗಬಾರದು.

ಪಾನಾ ವಿಷಯದಲ್ಲಿ ಜಾಗ್ರತೆ. ಈ ಎಂಜಿನ್ನಿನ ಮೂಲ ನಟ್ಟುಗಳು ಇಂಚಿನ ಅಳತೆಯವು. ರಾಕರಿನ ಲಾಕ್‌ನಟ್ಟಿಗೆ ಅರ್ಧ ಇಂಚಿನ ರಿಂಗ್ ಪಾನಾ ಬೇಕು. 13ರ ಪಾನಾ ಕೂತಂತೆ ಕಂಡರೂ ಒಳಗೆ ಸಡಿಲ, ನಟ್ಟಿನ ಮೂಲೆ ಸವೆಸಿಬಿಡುತ್ತದೆ. ಇವುಗಳ ಜೊತೆ ಅಗಲ ಬಾಯಿಯ ಸ್ಕ್ರೂಡ್ರೈವರ್, ಪ್ಲಗ್ ಪಾನಾ, ಬನಿಯನ್ ವೇಸ್ಟ್, ಒಂದು ನೋಟ್‌ಬುಕ್.

ಕೆಲಸಕ್ಕೆ ಮುಂಚಿನ ಎಚ್ಚರಿಕೆ

ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಗಳಿಗೆ ಕಲ್ಲು ಕೊಡಿ. ಇಗ್ನಿಷನ್ ಆಫ್ ಮಾಡಿ ಕೀ ಜೇಬಿಗೆ ಹಾಕಿಕೊಳ್ಳಿ, ಬ್ಯಾಟರಿಯ ಅರ್ತ್ ತಂತಿ ಬಿಚ್ಚಿ. ಟ್ಯಾಪೆಟ್ ಕವರ್ ಬಿಚ್ಚುವ ಮುಂಚೆ ಅದರ ಸುತ್ತಲಿನ ಧೂಳು, ಎಣ್ಣೆ ಮಡ್ಡಿಯನ್ನು ಚೆನ್ನಾಗಿ ಒರೆಸಿ. ಒಂದು ಚಿಟಿಕೆ ಮರಳು ಪುಶ್‌ರಾಡ್ ತೂತಿನಲ್ಲಿ ಬಿದ್ದರೂ ಅದು ನೇರ ಎಂಜಿನ್ ಆಯಿಲ್‌ಗೇ ಸೇರುವುದು. ಎಂಜಿನ್ ಬಿಸಿ ಇರುವಾಗ ಕೆಲಸ ಮಾಡುವವರು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಡೆಗೆ ಮೊಣಕೈ ಊರಬೇಡಿ.

ಒಂಬತ್ತರ ಲೆಕ್ಕ

ಸಂದು ಅಳೆಯುವಾಗ ಆ ವಾಲ್ವಿನ ಟ್ಯಾಪೆಟ್ ಕ್ಯಾಮ್ ಉಬ್ಬಿನ ಮೇಲಿರಬಾರದು, ನೇರ ಎದುರು ಬದಿಯ ದುಂಡು ಬೆನ್ನಿನ ಮೇಲಿರಬೇಕು. ಕ್ಯಾಮ್ ಕಣ್ಣಿಗೆ ಕಾಣುವುದಿಲ್ಲವಲ್ಲ, ತಿಳಿಯುವುದು ಹೇಗೆ? ಇದಕ್ಕೆ ಸೊಗಸಾದ ಉಪಾಯವೊಂದಿದೆ. ರೇಡಿಯೇಟರ್ ಕಡೆಯಿಂದ ಡ್ರೈವರ್ ಕಡೆಗೆ ವಾಲ್ವುಗಳನ್ನು 1ರಿಂದ 8 ಎಂದು ಎಣಿಸಿ. ಇವುಗಳಲ್ಲಿ 1, 4, 5, 8 ಎಕ್ಸಾಸ್ಟ್. 2, 3, 6, 7 ಇನ್‌ಲೆಟ್. ಒಂದನೇ ಮತ್ತು ನಾಲ್ಕನೇ ಸಿಲಿಂಡರುಗಳ ಕ್ಯಾಮ್ ಉಬ್ಬುಗಳು ಒಂದಕ್ಕೊಂದು ಬೆನ್ನು ಹಾಕಿ ನಿಂತಿವೆ. ಎರಡು ಮತ್ತು ಮೂರನೆಯದೂ ಹಾಗೆಯೇ. ಆದ್ದರಿಂದ ಎಂಟನೇ ವಾಲ್ವ್ ಪೂರ್ತಿ ತೆರೆದಿದ್ದರೆ ಒಂದನೆಯದು ಖಂಡಿತ ಪೂರ್ತಿ ಮುಚ್ಚಿದೆ. ತೆರೆದ ವಾಲ್ವಿನ ಸಂಖ್ಯೆಯನ್ನು ಒಂಬತ್ತರಿಂದ ಕಳೆಯಿರಿ. ಉಳಿದದ್ದೇ ನೀವು ಸೆಟ್ ಮಾಡಬೇಕಾದ ವಾಲ್ವ್.

ಎಂಜಿನ್ ತಿರುಗಿಸುತ್ತಾ ಹೋದರೆ ಸಿಗುವ ಕ್ರಮ ಹೀಗಿದೆ. ರಟ್ಟಿನ ಮೇಲೆ ಬರೆದು ಬಾನೆಟ್ ಒಳಗೆ ಅಂಟಿಸಿಟ್ಟುಕೊಳ್ಳಬಹುದು:

8 ತೆರೆದಾಗ 1
6 ತೆರೆದಾಗ 3
4 ತೆರೆದಾಗ 5
7 ತೆರೆದಾಗ 2
1 ತೆರೆದಾಗ 8
3 ತೆರೆದಾಗ 6
5 ತೆರೆದಾಗ 4
2 ತೆರೆದಾಗ 7

ಕೆಲಸದ ಹಂತಗಳು

1. ಪ್ಲಗ್ ತಂತಿಗಳಿಗೆ ಪೇಪರ್ ಟೇಪಿನಲ್ಲಿ ನಂಬರ್ ಅಂಟಿಸಿ ಕಳಚಿ. ನಾಲ್ಕೂ ಪ್ಲಗ್ ಬಿಚ್ಚಿ. ಕಂಪ್ರೆಷನ್ ತಡೆ ಇಲ್ಲದಿದ್ದರೆ ಎಂಜಿನ್ ಹಗುರವಾಗಿ ತಿರುಗಿ, ಬೇಕಾದ ಕಡೆ ನಿಲ್ಲುತ್ತದೆ.

2. ಟ್ಯಾಪೆಟ್ ಕವರಿಗೆ ಬರುವ ಉಸಿರಾಟದ ರಬ್ಬರ್ ಪೈಪ್ ಎಳೆದು ತೆಗೆಯಿರಿ. ಮೇಲಿನ ಎರಡು ನಟ್ಟು ಬಿಚ್ಚಿ, ಅವುಗಳ ಕೆಳಗಿನ ವಾಷರ್, ರಬ್ಬರ್ ಬುಶ್‌ಗಳನ್ನು ಇದ್ದ ಕ್ರಮದಲ್ಲೇ ತೆಗೆದಿಡಿ. ಕವರ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ, ತಗಡು ಬಾಗುತ್ತದೆ. ಬದಿಯಿಂದ ಅಂಗೈಯಲ್ಲಿ ತಟ್ಟಿದರೆ ಬಿಡುತ್ತದೆ.

3. ಎಂಜಿನ್ ತಿರುಗಿಸಲು ಮುಂದಿನ ಹ್ಯಾಂಡಲ್ ಇದ್ದರೆ ಅದೇ ಉತ್ತಮ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಹೆಬ್ಬೆರಳನ್ನು ಹ್ಯಾಂಡಲ್ ಸುತ್ತ ಹಾಕದೆ ಉಳಿದ ಬೆರಳುಗಳ ಬದಿಯಲ್ಲೇ ಇಡುವುದನ್ನು ರೂಢಿಸಿಕೊಳ್ಳಿ. ಹ್ಯಾಂಡಲ್ ಇಲ್ಲದಿದ್ದರೆ ಚಕ್ರದ ಕಲ್ಲು ತೆಗೆದು, ಹ್ಯಾಂಡ್‌ಬ್ರೇಕ್ ಬಿಟ್ಟು, ಟಾಪ್ ಗೇರ್‌ಗೆ ಹಾಕಿ ಇನ್ನೊಬ್ಬರಿಂದ ಗಾಡಿಯನ್ನು ಗೇಣು ಗೇಣಾಗಿ ಮುಂದಕ್ಕೆ ತಳ್ಳಿಸಿ. ಪ್ರತಿ ಸಲ ನಿಂತ ಮೇಲೆ ಬ್ರೇಕ್ ಎಳೆಯಿರಿ. ಫ್ಯಾನ್ ರೆಕ್ಕೆ ಹಿಡಿದು ತಿರುಗಿಸಬೇಡಿ.

4. ಎಂಟನೇ ವಾಲ್ವಿನ ಸ್ಪ್ರಿಂಗ್ ನೋಡುತ್ತಾ ನಿಧಾನವಾಗಿ ತಿರುಗಿಸಿ. ಸ್ಪ್ರಿಂಗ್ ಇಳಿಯುತ್ತಾ ಹೋಗಿ ಒಂದು ಕಡೆ ನಿಲ್ಲುತ್ತದೆ, ಮುಂದೆ ಮತ್ತೆ ಏಳತೊಡಗುತ್ತದೆ. ಆ ತೀರ ಕೆಳಗಿನ ಜಾಗವೇ ಪೂರ್ತಿ ತೆರೆದ ಜಾಗ.

5. ಈಗ ಒಂದನೇ ವಾಲ್ವಿನ ಸಂದು ಅಳೆಯಿರಿ. ಸ್ಕ್ರೂ ಮುಟ್ಟುವ ಮುಂಚೆ, ಇರುವ ಸಂದು ಎಷ್ಟೆಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಈ ಒಂದು ಸಾಲು ಬರೆಯುವ ತಾಳ್ಮೆ ಇಲ್ಲದೆ ಹೋದರೆ ಅರ್ಧ ಕೆಲಸ ವ್ಯರ್ಥ. ಯಾಕೆಂದು ಕೊನೆಯಲ್ಲಿ ಹೇಳುತ್ತೇನೆ.

6. ಸಂದು ಸರಿ ಇಲ್ಲದಿದ್ದರೆ ರಾಕರಿನ ಪುಶ್‌ರಾಡ್ ತುದಿಯಲ್ಲಿರುವ ಲಾಕ್‌ನಟ್ ಸಡಿಲಿಸಿ. ನಡುವಿನ ಸ್ಕ್ರೂ ಬಲಕ್ಕೆ ತಿರುಗಿಸಿದರೆ ಸಂದು ಕಡಿಮೆ, ಎಡಕ್ಕೆ ತಿರುಗಿಸಿದರೆ ಹೆಚ್ಚು. ಪಟ್ಟಿಯನ್ನು ವಾಲ್ವಿನ ಬಾಲಕ್ಕೂ ರಾಕರಿಗೂ ನಡುವೆ ಇಟ್ಟುಕೊಂಡೇ ಸ್ಕ್ರೂ ತಿರುಗಿಸಿ.

7. ಹಿಡಿತ ಸರಿ ಅನ್ನಿಸಿದ ಕೂಡಲೇ ಸ್ಕ್ರೂಡ್ರೈವರ್ ಅಲುಗದಂತೆ ಹಿಡಿದು ಲಾಕ್‌ನಟ್ ಬಿಗಿಯಿರಿ. ಬಿಗಿದ ನಂತರ ಮತ್ತೆ ಅಳೆಯಿರಿ. ಬಿಗಿಯುವಾಗ ಸ್ಕ್ರೂ ಕೂದಲೆಳೆಯಷ್ಟು ಸರಿದೇ ಸರಿಯುತ್ತದೆ. ಮೂರು ನಾಲ್ಕು ಸಲ ಮಾಡಬೇಕಾಗಬಹುದು.

8. ಮೇಲೆ ಕೊಟ್ಟ ಕ್ರಮದಲ್ಲಿ ಎಂಟೂ ಮುಗಿಸಿ. ಆಮೇಲೆ ಎಂಜಿನ್ ಎರಡು ಪೂರ್ತಿ ಸುತ್ತು ತಿರುಗಿಸುತ್ತಾ ಎಂಟನ್ನೂ ಇನ್ನೊಮ್ಮೆ ಪರೀಕ್ಷಿಸಿ.

9. ಹಳೆಯ ಕಾರ್ಕ್ ಚೂರುಗಳನ್ನು ಕೆರೆದು ತೆಗೆದು ಹೊಸ ಪ್ಯಾಕಿಂಗ್ ಇಟ್ಟು ಕವರ್ ಕೂರಿಸಿ. ನಟ್ಟು ಕೂತ ಮೇಲೆ ಸ್ವಲ್ಪವೇ ಬಿಗಿ ಸಾಕು. ಜೋರಾಗಿ ಬಿಗಿದರೆ ಕವರ್ ನಡುವೆ ಬಾಗಿ ಅಂಚಿನಿಂದ ಎಣ್ಣೆ ಸೋರುತ್ತದೆ. ಸೋರಿತೆಂದು ಇನ್ನಷ್ಟು ಬಿಗಿದರೆ ಇನ್ನಷ್ಟು ಸೋರುತ್ತದೆ.

10. ಪ್ಲಗ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ತಂತಿಗಳನ್ನು ನಂಬರ್ ನೋಡಿ ಹಾಕಿ. ಟೇಪ್ ಬಿದ್ದುಹೋಗಿದ್ದರೆ ಫೈರಿಂಗ್ ಆರ್ಡರ್ 1-3-4-2 ಎಂಬುದು ನೆನಪಿರಲಿ. ಬ್ಯಾಟರಿ ಅರ್ತ್ ಹಾಕಿ, ಸ್ಟಾರ್ಟ್ ಮಾಡಿ, ಕವರಿನ ಸುತ್ತ ಎಣ್ಣೆ ಜಿನುಗುತ್ತಿದೆಯೇ ನೋಡಿ.

ಬೆರಳಿಗೆ ತಿಳಿಯಬೇಕಾದ ಹಿಡಿತ

ಹೊಸಬರು ಸೋಲುವುದು ಏಳನೇ ಹಂತದಲ್ಲಿ. "ಸರಿಯಾದ ಹಿಡಿತ" ಎಂದರೆ ಎಷ್ಟು? ಬಿಗಿಯಾಗಿ ಕಟ್ಟಿದ ಕವಳಿಗೆಯ ನಡುವಿನಿಂದ ಒಂದು ವೀಳ್ಯದೆಲೆಯನ್ನು ಹರಿಯದಂತೆ ಎಳೆದುಕೊಳ್ಳುವಾಗ ಬೆರಳಿಗೆ ಒಂದು ನಯವಾದ ತಡೆ ಸಿಗುತ್ತದಲ್ಲ, ಅಷ್ಟು. ಪಟ್ಟಿ ಒಳಹೋಗುವಾಗ ಬಳುಕಿದರೆ ಬಿಗಿಯಾಯಿತು. ಎಳೆದಾಗ ಏನೂ ತಿಳಿಯದೆ ಜಾರಿ ಬಂದರೆ ಸಡಿಲವಾಯಿತು. ಅನುಮಾನವಿದ್ದರೆ 0.014ರ ಪಟ್ಟಿ ಹಾಕಿ ನೋಡಿ, ಅದು ಸಲೀಸಾಗಿ ಓಡಾಡಬೇಕು. 0.016ರದು ಒಳಗೆ ಹೋಗಲು ಒಪ್ಪಬಾರದು. ಪಟ್ಟಿಗೆ ತೆಳುವಾಗಿ ಎಂಜಿನ್ ಆಯಿಲ್ ಸವರಿಕೊಂಡರೆ ಹಿಡಿತ ಸ್ಪಷ್ಟವಾಗಿ ತಿಳಿಯುತ್ತದೆ. ಪಟ್ಟಿಯನ್ನು ಓರೆಯಾಗಿ ಹಿಡಿದರೆ ಮಾತ್ರ ಎಲ್ಲ ಲೆಕ್ಕವೂ ತಪ್ಪುತ್ತದೆ.

ಪುಶ್‌ರಾಡಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ ನೋಡುವುದೂ ಒಳ್ಳೆಯ ಅಭ್ಯಾಸ. ಸಂದು ಇದ್ದರೆ ಅದು ಹಗುರವಾಗಿ ತಿರುಗುತ್ತದೆ. ತಿರುಗಲು ಹಟ ಮಾಡಿದರೆ ನೀವು ತಪ್ಪು ವಾಲ್ವಿಗೆ ಕೈ ಹಾಕಿದ್ದೀರಿ, ಇಲ್ಲವೇ ಅಲ್ಲಿ ಸಂದೇ ಇಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಕಿವಿಗೆ ಸೆಟ್ ಮಾಡುವುದು ಮೊದಲ ತಪ್ಪು. ಸರಿಯಾಗಿ ಸೆಟ್ ಆದ ಈ ಎಂಜಿನ್ ಸಣ್ಣದಾಗಿ ಟಿಕ್ ಟಿಕ್ ಅನ್ನುತ್ತದೆ, ಅನ್ನಬೇಕು. ಎಂಟೂ ಸರಿಯಿದ್ದೂ ಒಂದು ಕಡೆ ಜೋರು ಸದ್ದಿದ್ದರೆ ರಾಕರಿನ ಮುಖ ನೋಡಿ. ವಾಲ್ವಿನ ಬಾಲ ಬಡಿಬಡಿದು ರಾಕರಿನಲ್ಲಿ ಸಣ್ಣ ಗುಣಿ ಬಿದ್ದಿರುತ್ತದೆ. ಪಟ್ಟಿ ಗುಣಿಯೊಳಗೆ ಇಳಿಯದೆ ಅದರ ಮೇಲೆ ಸೇತುವೆಯಂತೆ ಕೂರುವುದರಿಂದ ಗೇಜ್ 0.015 ಎಂದರೂ ನಿಜವಾದ ಸಂದು ಹೆಚ್ಚೇ ಇರುತ್ತದೆ. ಇದಕ್ಕೆ ಮದ್ದು ರಾಕರ್ ಬದಲಿಸುವುದು. ಸ್ಕ್ರೂ ಬಿಗಿಯುವುದು ಮದ್ದಲ್ಲ. ಸದ್ದು ಯಾವ ವಾಲ್ವಿನದೆಂದು ಪತ್ತೆ ಮಾಡಲು, ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಕವರ್ ತೆಗೆದು ಒಂದೊಂದೇ ಸಂದಿಗೆ ಪಟ್ಟಿ ತೂರಿಸಿ ನೋಡಬಹುದು, ಸದ್ದು ಅಡಗಿದ ಕಡೆ ತೊಂದರೆ ಇದೆ. ಆಗ ಎದುರಿಗೇ ಫ್ಯಾನ್ ತಿರುಗುತ್ತಿರುತ್ತದೆ. ಸಡಿಲ ತೋಳು, ಹೆಗಲ ಮೇಲಿನ ಟವೆಲ್, ಜಡೆ ಯಾವುದೂ ಜೋತಾಡುವಂತಿರಬಾರದು.

ರಾಕರ್ ಶಾಫ್ಟ್ ಸ್ಟ್ಯಾಂಡುಗಳ ದೊಡ್ಡ ನಟ್ಟುಗಳನ್ನು ಲಾಕ್‌ನಟ್ ಎಂದುಕೊಂಡು ಸಡಿಲಿಸುವವರಿದ್ದಾರೆ. ಅವು ಸಿಲಿಂಡರ್ ಹೆಡ್ಡನ್ನೂ ಹಿಡಿದಿರುವ ನಟ್ಟುಗಳು. ಸಡಿಲಿಸಿದರೆ ಹೆಡ್ ಪ್ಯಾಕಿಂಗ್ ಕೆಟ್ಟು ನೀರು ಎಣ್ಣೆಗೆ ಸೇರಬಹುದು. ಅವುಗಳ ತಂಟೆಗೆ ಹೋಗಬೇಡಿ.

ಇನ್ನೊಂದು ತಪ್ಪು ಕ್ರಮದ್ದು. ಐಡ್ಲಿಂಗ್ ಸರಿಯಿಲ್ಲವೆಂದು ಮೊದಲು ಕಾರ್ಬುರೇಟರ್ ತಿರುವುತ್ತಾರೆ. ಟ್ಯಾಪೆಟ್ ಮೊದಲು, ಆಮೇಲೆ ಪಾಯಿಂಟ್ ಗ್ಯಾಪ್, ಆಮೇಲೆ ಟೈಮಿಂಗ್, ಕಾರ್ಬುರೇಟರ್ ಕೊನೆಗೆ. ಹಿಂದಿನದು ಸರಿಯಾಗದೆ ಮುಂದಿನದು ನಿಲ್ಲುವುದಿಲ್ಲ.

ಒಂಬತ್ತರ ಲೆಕ್ಕವನ್ನು ಮನೆಯ ಇನ್ನೊಂದು ಗಾಡಿಗೂ ಹಚ್ಚುವುದು ಬೇಡ. ಮಾರುತಿ 800ಕ್ಕೆ ಮೂರೇ ಸಿಲಿಂಡರ್, ಅದರ ಕ್ರಮ ಬೇರೆ, ಅಂಕಿ ಬೇರೆ. ಈಚಿನ ಅನೇಕ ಕಾರುಗಳಲ್ಲಿ ಹೈಡ್ರಾಲಿಕ್ ವ್ಯವಸ್ಥೆ ಇರುವುದರಿಂದ ಸೆಟ್ ಮಾಡುವ ಸ್ಕ್ರೂವೇ ಇರುವುದಿಲ್ಲ.

ನೋಟ್‌ಬುಕ್ ಯಾಕೆ?

ನಾನು ವರ್ಷಕ್ಕೊಮ್ಮೆ, ಇಲ್ಲವೇ 10,000 ಕಿಲೋಮೀಟರಿಗೊಮ್ಮೆ, ಯಾವುದು ಮೊದಲೋ ಆಗ ಕವರ್ ಬಿಚ್ಚುತ್ತೇನೆ. ಹೆಡ್ ಇಳಿಸಿ ಕೂರಿಸಿದ ಗಾಡಿಯಾದರೆ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಹೆಡ್ ನಟ್ಟುಗಳ ಬಿಗಿ ನೋಡಿಸಿ, ಅದರ ಹಿಂದೆಯೇ ಟ್ಯಾಪೆಟ್ ಸೆಟ್ ಮಾಡಬೇಕು.

ಪ್ರತಿ ಸಲ ತಾರೀಕು, ಮೀಟರ್ ರೀಡಿಂಗ್, ಎಂಟು ವಾಲ್ವಿನ ಸಿಕ್ಕ ಸಂದು, ಇಟ್ಟ ಸಂದು ಇಷ್ಟನ್ನು ಬರೆಯಿರಿ. ಎರಡು ಮೂರು ಸಲದ ಅಂಕಿಗಳು ಸೇರಿದಾಗ ಗಾಡಿಯ ಸ್ಥಿತಿ ಕಣ್ಣಿಗೆ ಕಾಣುತ್ತದೆ. ಸಂದು ನಿಧಾನವಾಗಿ ಹೆಚ್ಚುತ್ತಿದ್ದರೆ ಅದು ರಾಕರ್, ಪುಶ್‌ರಾಡ್‌ಗಳ ಸಹಜ ಸವೆತ. ಎಕ್ಸಾಸ್ಟಿನದು, ಅಂದರೆ 1, 4, 5, 8ರಲ್ಲಿ ಯಾವುದಾದರೂ ಒಂದು ಪ್ರತಿ ಸಲವೂ ಕಡಿಮೆಯಾಗಿಯೇ ಸಿಗುತ್ತಿದ್ದರೆ ಅಲ್ಲಿ ಸೀಟು ಇಳಿಯುತ್ತಿದೆ. ಅಂಥ ಗಾಡಿಯನ್ನು 5,000 ಕಿಲೋಮೀಟರಿಗೊಮ್ಮೆ ನೋಡಿ. ಕೆಲಕಾಲ ಸ್ಕ್ರೂ ಎಡಕ್ಕೆ ತಿರುಗಿಸಿ ಸಂದು ಕೊಡುತ್ತಾ ನಡೆಸಬಹುದು. ಇಳಿತದ ವೇಗ ಹೆಚ್ಚಾಯಿತೆಂದರೆ ಲ್ಯಾಪಿಂಗ್ ಮಾಡಿಸಿ ಪ್ರಯೋಜನವಿಲ್ಲ. ಹೆಡ್ ಇಳಿಸಿ ಮೆಷಿನ್ ಶಾಪ್‌ಗೆ ಕೊಟ್ಟು ಗಟ್ಟಿ ಉಕ್ಕಿನ ಸೀಟ್ ರಿಂಗ್ ಕೂರಿಸಬೇಕು. ಒಂದು ವಾಲ್ವಿನ ತೊಂದರೆಗೆ ಹೋದರೂ ನಾಲ್ಕೂ ಎಕ್ಸಾಸ್ಟಿಗೆ ಅದೇ ಸಲ ಹಾಕಿಸಿಬಿಡಿ, ವಾಲ್ವ್ ಗೈಡ್‌ಗಳ ಸವೆತವನ್ನೂ ಆಗಲೇ ನೋಡಿಸಿ. ಹೆಡ್ ಕೊಡಲು ಹೋಗುವಾಗ ನೋಟ್‌ಬುಕ್ ಜೊತೆಯಲ್ಲೇ ಇರಲಿ, ಅಂಕಿಗಳನ್ನು ನೋಡಿದ ಮೆಷಿನ್ ಶಾಪಿನವರಿಗೆ ಯಾವ ಸೀಟು ಎಷ್ಟು ಇಳಿದಿದೆ ಎಂಬುದು ಹೆಡ್ ತೊಳೆಯುವ ಮುಂಚೆಯೇ ತಿಳಿಯುತ್ತದೆ.